ಪರಮಾಣು ರಚನೆ: ಪಾಠ ಬಿಡಬೇಕೇ, ಬಾಯಿಪಾಠ ಮಾಡಬೇಕೇ?

ಪ್ರಶ್ನೆ: ಮೇಡಂ, ನಾನು ದ್ವಿತೀಯ ಪಿಯುಸಿ, ಪಿಸಿಎಂಬಿ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮ, ಈಗ ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜು. ಸಿಇಟಿ, ನೀಟ್ ಎರಡನ್ನೂ ಬರೆಯುತ್ತಿದ್ದೇನೆ. ರಸಾಯನಶಾಸ್ತ್ರದಲ್ಲಿ ಆರ್ಗ್ಯಾನಿಕ್ ಕೂಡ ಹೇಗೋ ನಿಭಾಯಿಸುತ್ತೇನೆ, ಪರಮಾಣು ರಚನೆ ಮಾತ್ರ ತಲೆಗೆ ಹತ್ತುತ್ತಿಲ್ಲ. ಸೂತ್ರಗಳನ್ನೆಲ್ಲ ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ, ಎಲ್ಲವೂ ಬಾಯಿಗೆ ಬರುತ್ತವೆ. ಆದರೂ ಮೊನ್ನೆಯ ಮಾಕ್ ಟೆಸ್ಟಿನಲ್ಲಿ ಈ ಪಾಠದಿಂದ ಬಂದ ಐದು ಪ್ರಶ್ನೆಗಳಲ್ಲಿ ಸರಿಯಾದದ್ದು ಒಂದೇ. ತಪ್ಪಾದವು ಇವು. ಹೈಡ್ರೋಜನ್ ಪರಮಾಣುವಿನಲ್ಲಿ 4ಎಸ್, 3ಡಿ ಎಂಬ ಎರಡು ಆರ್ಬಿಟಲ್‌ಗಳಲ್ಲಿ (ಎಲೆಕ್ಟ್ರಾನ್ ಸಿಗುವ ಪ್ರದೇಶಗಳಲ್ಲಿ) ಯಾವುದರ ಶಕ್ತಿ ಕಡಿಮೆ ಎಂದು ಕೇಳಿದ್ದರು, 4ಎಸ್ ಎಂದು ಬರೆದೆ. 2ಎಸ್ ಎಲೆಕ್ಟ್ರಾನಿನ ಆರ್ಬಿಟಲ್ ಕೋನೀಯ ಸಂವೇಗ ಎಷ್ಟು ಎಂಬುದಕ್ಕೆ ಎಚ್ ಬೈ ಪೈ (ಎಚ್ ಎಂದರೆ ಪ್ಲಾಂಕ್ ಸ್ಥಿರಾಂಕ) ಎಂದೆ. ಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ ಮೂರು ಪ್ಲಸ್ ಅಯಾನಿನಲ್ಲಿ ಜೋಡಿಯಾಗದ ಎಲೆಕ್ಟ್ರಾನ್ ಮೂರು ಎಂದೆ. ಬೆಳಕಿನ ತೀವ್ರತೆ ಹೆಚ್ಚಿಸಿದರೆ ಲೋಹದಿಂದ ಹೊರಬರುವ ಎಲೆಕ್ಟ್ರಾನಿನ ವೇಗ ಹೆಚ್ಚುತ್ತದೆ ಎಂದೆ. ಹೈಸ್ಕೂಲಿನಲ್ಲಿ ಎಲೆಕ್ಟ್ರಾನ್ ಕಕ್ಷೆಯಲ್ಲಿ ಸುತ್ತುತ್ತದೆ ಎಂದು ಕಲಿಸಿದರು, ಈಗ ಸುತ್ತುವುದಿಲ್ಲ ಎನ್ನುತ್ತಾರೆ. ಯಾವುದು ನಿಜ? ‘ಬರುವುದೇ ಒಂದೆರಡು ಪ್ರಶ್ನೆ, ಬಿಟ್ಟುಬಿಡು’ ಎನ್ನುತ್ತಾಳೆ ಗೆಳತಿ. ಕ್ರ್ಯಾಶ್ ಕೋರ್ಸ್ ಸೇರು ಎನ್ನುತ್ತಾನೆ ಅಣ್ಣ. ಗಣಿತ ಗಟ್ಟಿ ಇಲ್ಲದವರಿಗೆ ಕ್ವಾಂಟಮ್ ಅರ್ಥವಾಗುವುದೇ ಇಲ್ಲವಂತೆ. ಪರೀಕ್ಷೆಗೆ ಎರಡು ತಿಂಗಳಿದೆ. ಏನು ಮಾಡಲಿ?

ಉತ್ತರ: ತಪ್ಪಾದ ಪ್ರಶ್ನೆಗಳನ್ನೂ ನೀವು ಬರೆದ ಉತ್ತರಗಳನ್ನೂ ಕಳಿಸಿದ್ದು ಒಳ್ಳೆಯದಾಯಿತು. ‘ಪಾಠ ಅರ್ಥವಾಗುತ್ತಿಲ್ಲ’ ಎಂದಷ್ಟೇ ಬರೆದಿದ್ದರೆ ನಾನೂ ‘ಚೆನ್ನಾಗಿ ಓದಿ’ ಎನ್ನುವುದಕ್ಕಿಂತ ಹೆಚ್ಚೇನೂ ಹೇಳಲು ಆಗುತ್ತಿರಲಿಲ್ಲ. ನಿಮ್ಮ ನಾಲ್ಕು ತಪ್ಪುಗಳಲ್ಲಿ ಒಂದೂ ಸೂತ್ರ ಮರೆತು ಆದದ್ದಲ್ಲ. ಕೋನೀಯ ಸಂವೇಗಕ್ಕೆ ನೀವು ಹಾಕಿದ ಸೂತ್ರ ಬೋರ್ ಅವರದು, ಅದನ್ನು ತಪ್ಪಿಲ್ಲದೆ ಹಾಕಿದ್ದೀರಿ. 4ಎಸ್ ಎಂದು ಬರೆಯಲು ಬಳಸಿದ ಎನ್ ಪ್ಲಸ್ ಎಲ್ ನಿಯಮವೂ ನೆನಪಿತ್ತು (ಎನ್ ಎಂದರೆ ಶಕ್ತಿಮಟ್ಟದ ಸಂಖ್ಯೆ, ಎಲ್ ಎಂದರೆ ಆರ್ಬಿಟಲ್ ಆಕಾರದ ಸಂಖ್ಯೆ, ಇವುಗಳ ಮೊತ್ತ ಕಡಿಮೆ ಇರುವ ಆರ್ಬಿಟಲ್ ಮೊದಲು ತುಂಬುತ್ತದೆ ಎಂಬುದು ನಿಯಮ). ಆದರೆ ಪ್ರಶ್ನೆ ಕೇಳಿದ ಪರಮಾಣು ಬೇರೆ, ನೀವು ಸೂತ್ರ ಹಚ್ಚಿದ ಪರಮಾಣು ಬೇರೆ. ಇದನ್ನು ಗೋಡೆಯ ಚಾರ್ಟ್ ಸರಿಮಾಡುವುದಿಲ್ಲ, ಯಾಕೆಂದರೆ ಯಾವ ಸೂತ್ರ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದು ಚಾರ್ಟಿನಲ್ಲಿ ಇರುವುದಿಲ್ಲ.

ಪಿಯು ತರಗತಿಗಳಲ್ಲಿ ಈ ಪಾಠ ಮಾಡುತ್ತ ಬಂದ ನನಗೆ ಅತಿ ಹೆಚ್ಚು ಕಂಡಿರುವುದು ಇದೇ ತೊಡಕು. ಚೆನ್ನಾಗಿ ಓದುವ ಮಕ್ಕಳೇ ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಕಾರಣ ಪಾಠದ ಜೋಡಣೆಯಲ್ಲೇ ಇದೆ. ಥಾಮ್ಸನ್ 1897ರಲ್ಲಿ ಎಲೆಕ್ಟ್ರಾನ್ ಗುರುತಿಸಿದ್ದರಿಂದ ಹಿಡಿದು ಚಾಡ್ವಿಕ್ 1932ರಲ್ಲಿ ನ್ಯೂಟ್ರಾನ್ ಕಂಡುಹಿಡಿದವರೆಗಿನ ಮೂವತ್ತೈದು ವರ್ಷಗಳಲ್ಲಿ ವಿಜ್ಞಾನಿಗಳು ಪರಮಾಣುವಿನ ಚಿತ್ರವನ್ನು ಮತ್ತೆ ಮತ್ತೆ ಬದಲಿಸಿದರು. ಪಠ್ಯದಲ್ಲಿ ಆ ಚಿತ್ರಗಳೆಲ್ಲ ಸಾಲಾಗಿ ಬರುತ್ತವೆ. ಥಾಮ್ಸನ್ ಮಾದರಿಯಿಂದ ಈಗ ಲೆಕ್ಕ ಕೇಳುವುದಿಲ್ಲ. ರುದರ್‌ಫೋರ್ಡ್ ಮಾದರಿಯಿಂದಲೂ ಕೇಳುವುದು ಪ್ರಯೋಗದ ವಿವರ ಮಾತ್ರ. ಲೆಕ್ಕಕ್ಕೆ ಉಳಿದವು ಎರಡು: 1913ರ ಬೋರ್ ಮಾದರಿ, ಮತ್ತು ಶ್ರೋಡಿಂಗರ್ 1926ರಲ್ಲಿ ಕೊಟ್ಟ ಸಮೀಕರಣದಿಂದ ಬೆಳೆದ ಕ್ವಾಂಟಮ್ ಮಾದರಿ. ಎರಡರಲ್ಲೂ ‘ಎನ್’ ಎಂಬ ಅಕ್ಷರ ಇದೆ, ಎರಡರಲ್ಲೂ ಹೈಡ್ರೋಜನ್ ಇದೆ. ಹಾಗಾಗಿ ಓದುವವರ ತಲೆಯಲ್ಲಿ ಎರಡೂ ಬೆರೆತು ಒಂದೇ ಆಗಿಬಿಡುತ್ತವೆ. ಪ್ರಶ್ನೆಪತ್ರಿಕೆ ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿದೆ. ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಮೊದಲಿನ ಎರಡನ್ನು ಅವರು ಹೆಣೆದದ್ದೇ ಇದರ ಮೇಲೆ.

ಆದ್ದರಿಂದ ಸೂತ್ರ ಹುಡುಕುವ ಮುಂಚೆ ಪ್ರಶ್ನೆಗೆ ಒಂದು ಮಾತು ಕೇಳಿ: ಇಲ್ಲಿ ಎಲೆಕ್ಟ್ರಾನ್ ಒಂದೇ ಇದೆಯೇ, ಹೆಚ್ಚಿವೆಯೇ? ಹೈಡ್ರೋಜನ್, ಹೀಲಿಯಂನ ಒಂದು ಪ್ಲಸ್ ಅಯಾನು, ಲಿಥಿಯಂನ ಎರಡು ಪ್ಲಸ್, ಬೆರಿಲಿಯಂನ ಮೂರು ಪ್ಲಸ್, ಇವುಗಳಲ್ಲಿ ಇರುವುದು ಒಂದೇ. ಬೋರ್ ಸೂತ್ರಗಳು ನಡೆಯುವುದು ಇಂಥವಕ್ಕೆ ಮಾತ್ರ. ಹೀಲಿಯಂ ಪರಮಾಣು ಎಂದು ಬರೆದಿದ್ದರೆ, ಅಲ್ಲಿ ಒಂದು ಪ್ಲಸ್ ಇಲ್ಲದಿದ್ದರೆ, ಬೋರ್ ಸೂತ್ರ ಮುಟ್ಟಬೇಡಿ. ಅವಸರದಲ್ಲಿ ಆ ಪುಟ್ಟ ಪ್ಲಸ್ ಚಿಹ್ನೆ ಕಣ್ಣಿಗೆ ಬೀಳುವುದೇ ಇಲ್ಲ.

ಹಾಗಾದರೆ ಬೋರ್ ಹೇಳಿದ್ದು ತಪ್ಪೇ, ಸರಿಯೇ? ನಿಮ್ಮ ‘ಯಾವುದು ನಿಜ’ ಎಂಬ ಪ್ರಶ್ನೆಗೆ ಸರಿಯಾಗಿ ಉತ್ತರಿಸಬೇಕು, ಏಕೆಂದರೆ ಅದು ಬಗೆಹರಿಯದೆ ಮುಂದಿನದು ನಿಲ್ಲುವುದಿಲ್ಲ. ಮಧ್ಯದಲ್ಲಿ ನ್ಯೂಕ್ಲಿಯಸ್, ಸುತ್ತಲೂ ಎಲೆಕ್ಟ್ರಾನ್ ಎಂದು 1911ರಲ್ಲಿ ರುದರ್‌ಫೋರ್ಡ್ ಹೇಳಿದಾಗ ಒಂದು ದೊಡ್ಡ ತೊಂದರೆ ಎದುರಾಯಿತು. ಸುತ್ತುವ ವಿದ್ಯುದಾವೇಶ ಬೆಳಕಿನ ರೂಪದಲ್ಲಿ ಶಕ್ತಿ ಹೊರಚೆಲ್ಲುತ್ತಲೇ ಇರಬೇಕು. ಹಾಗೆ ಚೆಲ್ಲುತ್ತ ಹೋದರೆ ಎಲೆಕ್ಟ್ರಾನ್ ಸುರುಳಿಯಾಗಿ ಒಳಗೆ ಬಂದು ನ್ಯೂಕ್ಲಿಯಸ್ಸಿಗೆ ಬೀಳಲು ಸೆಕೆಂಡಿನ ಅತಿ ಸಣ್ಣ ಅಂಶ ಸಾಕು. ಆದರೆ ಪರಮಾಣುಗಳು ಕುಸಿಯುವುದಿಲ್ಲ. ಅದಲ್ಲದೆ ಹೈಡ್ರೋಜನ್ ಅನಿಲ ಕೊಡುವ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇರುವುದಿಲ್ಲ, ಕೆಲವೇ ಗೆರೆಗಳಿರುತ್ತವೆ. ಬೋರ್ ಈ ಎರಡಕ್ಕೂ ಒಟ್ಟಿಗೆ ಪರಿಹಾರ ಕೊಟ್ಟರು: ಎಲೆಕ್ಟ್ರಾನಿಗೆ ಕೆಲವು ನಿಗದಿತ ಶಕ್ತಿಮಟ್ಟಗಳು ಮಾತ್ರ ಇವೆ, ಅಲ್ಲಿದ್ದಷ್ಟು ಕಾಲ ಅದು ಶಕ್ತಿ ಕಳೆದುಕೊಳ್ಳುವುದಿಲ್ಲ, ಒಂದು ಮಟ್ಟದಿಂದ ಇನ್ನೊಂದಕ್ಕೆ ಇಳಿದಾಗ ಮಾತ್ರ ಬೆಳಕು ಹೊರಬರುತ್ತದೆ.

ಈ ಶಕ್ತಿಮಟ್ಟಗಳ ಲೆಕ್ಕ ಒಂದೇ ಎಲೆಕ್ಟ್ರಾನ್ ಇರುವಲ್ಲಿ ಇಂದಿಗೂ ಸರಿ. ಶ್ರೋಡಿಂಗರ್ ಸಮೀಕರಣ ಬಿಡಿಸಿದರೂ ಹೈಡ್ರೋಜನ್ನಿಗೆ ಬರುವುದು ಅದೇ ಉತ್ತರ: ಮೈನಸ್ 13.6 ಎಲೆಕ್ಟ್ರಾನ್ ವೋಲ್ಟನ್ನು ಎನ್ ವರ್ಗದಿಂದ ಭಾಗಿಸಿದ್ದು. ಬೋರ್ ಮಾದರಿಯಲ್ಲಿ ಬಿದ್ದುಹೋದದ್ದು ಎಲೆಕ್ಟ್ರಾನ್ ಒಂದು ಗೆರೆ ಹಿಡಿದು ವೃತ್ತದಲ್ಲಿ ಸುತ್ತುತ್ತದೆ ಎಂಬ ಚಿತ್ರ. ಹೈಸ್ಕೂಲಿನಲ್ಲಿ ಕಲಿಸಿದ್ದು ಸುಳ್ಳಲ್ಲ, ಅದು ಮೊದಲ ಹಂತ. ಶಕ್ತಿಯ ಮಾತನ್ನು ಇಟ್ಟುಕೊಳ್ಳಿ, ವೃತ್ತದ ಚಿತ್ರವನ್ನು ಬಿಡಿ.

ಆ ಚಿತ್ರ ಯಾಕೆ ಬಿದ್ದುಹೋಯಿತು ಎಂಬುದನ್ನು ಒಂದು ಲೆಕ್ಕದಿಂದಲೇ ಕಾಣಬಹುದು. ಹೈಸೆನ್‌ಬರ್ಗ್ 1927ರಲ್ಲಿ ಹೇಳಿದ ಅನಿಶ್ಚಿತತೆಯ ತತ್ವವನ್ನು ತೆಗೆದುಕೊಳ್ಳಿ. ಎಲೆಕ್ಟ್ರಾನ್ ಎಲ್ಲಿದೆ ಎಂಬುದನ್ನು 0.1 ಆಂಗ್‌ಸ್ಟ್ರಾಮ್‌ನಷ್ಟು ನಿಖರವಾಗಿ ಗುರುತಿಸಿದಿರಿ ಎಂದುಕೊಳ್ಳಿ. ಆಗ ಅದರ ವೇಗದಲ್ಲಿ ಉಳಿಯುವ ಅನಿಶ್ಚಿತತೆ ಕನಿಷ್ಠ ಸೆಕೆಂಡಿಗೆ 5.79×10⁶ ಮೀಟರ್. ಬೋರ್ ಪ್ರಕಾರ ಮೊದಲ ಕಕ್ಷೆಯಲ್ಲಿ ಎಲೆಕ್ಟ್ರಾನಿನ ವೇಗವೇ 2.19×10⁶. ವೇಗಕ್ಕಿಂತ ವೇಗದ ಅನಿಶ್ಚಿತತೆಯೇ ಎರಡೂವರೆ ಪಟ್ಟು ದೊಡ್ಡದು! ಹೀಗಿರುವಾಗ ಈಗ ಇಲ್ಲಿದೆ, ಮುಂದಿನ ಕ್ಷಣ ಅಲ್ಲಿರುತ್ತದೆ ಎಂದು ದಾರಿ ಎಳೆಯುವುದಕ್ಕೆ ಅರ್ಥವೇ ಇಲ್ಲ. ನಮ್ಮ ಉಪಕರಣ ಸಾಲದು, ಮುಂದೊಂದು ದಿನ ಒಳ್ಳೆಯ ಉಪಕರಣ ಬಂದರೆ ದಾರಿ ಕಾಣುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಎಲೆಕ್ಟ್ರಾನಿನ ಸ್ವಭಾವವೇ ಅದು. ಹೇಳಿಕೆ ಮತ್ತು ಕಾರಣ ಮಾದರಿಯ ಪ್ರಶ್ನೆಗಳಲ್ಲಿ ಈ ಅಂಶ ಕೇಳುವುದುಂಟು.

ದಾರಿ ಇಲ್ಲದಿದ್ದರೆ ಏನಿದೆ? ಎಲೆಕ್ಟ್ರಾನ್ ಎಲ್ಲೆಲ್ಲಿ ಸಿಗುವ ಸಂಭವ ಎಷ್ಟೆಷ್ಟು ಎಂಬ ಲೆಕ್ಕ ಇದೆ. ಆರ್ಬಿಟಲ್ ಎಂದರೆ ಅದೇ. ಇಲ್ಲಿ ಎಲ್ಲರನ್ನೂ ಗಲಿಬಿಲಿಗೊಳಿಸುವ ವಿಷಯ ಒಂದಿದೆ. 1ಎಸ್ ಆರ್ಬಿಟಲ್‌ನಲ್ಲಿ ಸಂಭವ ಸಾಂದ್ರತೆ ಅತಿ ಹೆಚ್ಚಿರುವುದು ನ್ಯೂಕ್ಲಿಯಸ್ ಇರುವಲ್ಲಿ ಎಂದು ಒಂದು ಗ್ರಾಫ್ ತೋರಿಸುತ್ತದೆ. ಪಕ್ಕದ ಗ್ರಾಫ್ ಎಲೆಕ್ಟ್ರಾನ್ ಸಿಗುವ ಸಂಭವ ಅತಿ ಹೆಚ್ಚಿರುವುದು 52.9 ಪಿಕೋಮೀಟರ್ ದೂರದಲ್ಲಿ ಎನ್ನುತ್ತದೆ. ಎರಡೂ ಸರಿ ಹೇಗೆ? ಬೆಳಗ್ಗೆ ಪಾರಿಜಾತದ ಗಿಡದ ಕೆಳಗೆ ನೋಡಿ. ಹೂವು ಒತ್ತೊತ್ತಾಗಿ ಬಿದ್ದಿರುವುದು ಬುಡದಲ್ಲಿ, ದೂರ ಹೋದಂತೆ ವಿರಳ. ಈಗ ಬುಡದ ಸುತ್ತ ಗೇಣಗಲದ ಉಂಗುರಗಳನ್ನು ಗೀರಿ, ಒಂದೊಂದು ಉಂಗುರದ ಹೂವನ್ನೂ ಬೇರೆ ಬೇರೆ ಎಣಿಸಿ. ಬುಡಕ್ಕೆ ಅಂಟಿದ ಉಂಗುರದಲ್ಲಿ ಹೂವು ಒತ್ತಾಗಿದ್ದರೂ ಜಾಗವೇ ಕಡಿಮೆ, ಒಟ್ಟು ಹೂವೂ ಕಡಿಮೆ. ತೀರ ದೂರದ ಉಂಗುರದಲ್ಲಿ ಜಾಗ ಬೇಕಾದಷ್ಟಿದೆ, ಹೂವಿಲ್ಲ. ನಡುವಿನ ಯಾವುದೋ ಒಂದು ಉಂಗುರದಲ್ಲಿ ಅತಿ ಹೆಚ್ಚು ಹೂವು ಸಿಗುತ್ತದೆ. ಮೊದಲ ಗ್ರಾಫ್ ಹೇಳುವುದು ಹೂವಿನ ಒತ್ತಣೆಯನ್ನು, ಎರಡನೆಯದು ಉಂಗುರದ ಒಟ್ಟು ಲೆಕ್ಕವನ್ನು. ಪರಮಾಣುವಿನಲ್ಲಿ ಉಂಗುರದ ಬದಲು ಗೋಳಾಕಾರದ ತೆಳು ಪದರ ಇರುತ್ತದೆ, ಅಷ್ಟೇ ವ್ಯತ್ಯಾಸ. ಆ 52.9 ಪಿಕೋಮೀಟರ್ ಬೋರ್ ಅವರ ಮೊದಲ ಕಕ್ಷೆಯ ತ್ರಿಜ್ಯವೇ ಎಂಬುದನ್ನೂ ಗಮನಿಸಿ. ಬೋರ್ ‘ಇಲ್ಲೇ ಇದೆ’ ಎಂದ ಜಾಗ ಹೊಸ ಮಾದರಿಯಲ್ಲಿ ‘ಸಿಗುವ ಸಂಭವ ಹೆಚ್ಚಿರುವ ದೂರ’ ಆಯಿತು.

ಈಗ ನಿಮ್ಮ ಉತ್ತರಗಳಿಗೆ ಬರೋಣ.

2ಎಸ್ ಎಲೆಕ್ಟ್ರಾನಿನ ಕೋನೀಯ ಸಂವೇಗ. ಬೋರ್ ಸೂತ್ರ ಎನ್ ಎಚ್ ಬೈ 2 ಪೈ. ಎನ್ ಎರಡಾದರೆ ಎಚ್ ಬೈ ಪೈ, ನೀವು ಬರೆದದ್ದು ಅದನ್ನೇ. ಆದರೆ ಪ್ರಶ್ನೆಯಲ್ಲಿ ‘2ಎಸ್’ ಮತ್ತು ‘ಆರ್ಬಿಟಲ್’ ಎಂಬ ಮಾತುಗಳಿವೆ. ಎಸ್, ಪಿ, ಡಿ ಎಂಬ ಅಕ್ಷರ ಕಂಡರೆ ಅದು ಕ್ವಾಂಟಮ್ ಮಾದರಿಯ ಪ್ರಶ್ನೆ. ಅಲ್ಲಿ ಕೋನೀಯ ಸಂವೇಗವನ್ನು ನಿರ್ಧರಿಸುವುದು ಎನ್ ಅಲ್ಲ, ಎಲ್. ಸೂತ್ರ ಎಲ್ ಗುಣಿಸು ಎಲ್ ಪ್ಲಸ್ ಒಂದರ ವರ್ಗಮೂಲ, ಅದಕ್ಕೆ ಎಚ್ ಬೈ 2 ಪೈ. ಎಸ್‌ಗೆ ಎಲ್ ಸೊನ್ನೆ, ಉತ್ತರವೂ ಸೊನ್ನೆ. 1ಎಸ್ ಆಗಲಿ, 5ಎಸ್ ಆಗಲಿ, ಸೊನ್ನೆಯೇ. ‘ಬೋರ್‌ನ ಎರಡನೇ ಕಕ್ಷೆಯಲ್ಲಿ’ ಎಂದು ಕೇಳಿದ್ದರೆ ನಿಮ್ಮ ಉತ್ತರಕ್ಕೆ ಪೂರ್ಣ ಅಂಕ ಬರುತ್ತಿತ್ತು.

ಹೈಡ್ರೋಜನ್‌ನ 4ಎಸ್, 3ಡಿ. ಎನ್ ಪ್ಲಸ್ ಎಲ್ ನಿಯಮ ಹುಟ್ಟಿದ್ದೇ ಹಲವು ಎಲೆಕ್ಟ್ರಾನ್ ಇರುವ ಪರಮಾಣುಗಳಿಗಾಗಿ. ಅಲ್ಲಿ ಒಳಗಿನ ಎಲೆಕ್ಟ್ರಾನ್‌ಗಳು ಹೊರಗಿನದಕ್ಕೆ ನ್ಯೂಕ್ಲಿಯಸ್ಸಿನ ಸೆಳೆತ ಪೂರ್ತಿ ತಾಗದಂತೆ ಮರೆಮಾಡುತ್ತವೆ. ಆದರೆ ಎಸ್ ಎಲೆಕ್ಟ್ರಾನ್ ಆ ಮರೆ ದಾಟಿ ನ್ಯೂಕ್ಲಿಯಸ್ಸಿನ ಹತ್ತಿರದವರೆಗೂ ಸಿಗುವಂಥದ್ದು, ಡಿ ಎಲೆಕ್ಟ್ರಾನ್ ಹಾಗಲ್ಲ. ಅದರಿಂದ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳಲ್ಲಿ 4ಎಸ್ ಮೊದಲು ತುಂಬುತ್ತದೆ. ಹೈಡ್ರೋಜನ್ನಿನಲ್ಲಿ ಇರುವುದೇ ಒಂದು ಎಲೆಕ್ಟ್ರಾನ್, ಮರೆಮಾಡಲು ಬೇರೆ ಯಾರೂ ಇಲ್ಲ. ಅಲ್ಲಿ ಶಕ್ತಿ ಎನ್ ಒಂದರ ಮೇಲೆ ನಿಂತಿದೆ. 3ಎಸ್, 3ಪಿ, 3ಡಿ ಮೂರೂ ಸಮ, ಮೂರೂ 4ಎಸ್‌ಗಿಂತ ಕೆಳಗೆ. ‘ಎಲೆಕ್ಟ್ರಾನ್ ಒಂದೇ ಇದೆಯೇ’ ಎಂಬ ಪ್ರಶ್ನೆಯನ್ನು ಮೊದಲು ಕೇಳಿದ್ದರೆ ಇದೂ ತಪ್ಪುತ್ತಿರಲಿಲ್ಲ.

ಕಬ್ಬಿಣದ ತಪ್ಪು ಇನ್ನೂ ಸ್ವಾರಸ್ಯದ್ದು, ಇದರ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ಕಬ್ಬಿಣದ ಎಲೆಕ್ಟ್ರಾನ್ ವಿನ್ಯಾಸ ಆರ್ಗಾನಿನದು, ಅದರ ಮೇಲೆ 3ಡಿ⁶, 4ಎಸ್². ನೀವು ಮೂರು ಎಲೆಕ್ಟ್ರಾನ್‌ಗಳನ್ನೂ 3ಡಿಯಿಂದ ತೆಗೆದಿದ್ದೀರಿ. ಕೊನೆಗೆ ತುಂಬಿದ್ದು ಮೊದಲು ಹೋಗಬೇಕಲ್ಲವೇ ಎಂಬ ತರ್ಕ. ಉಳಿದದ್ದು 3ಡಿ³ 4ಎಸ್², ಜೋಡಿಯಾಗದವು ಮೂರು. ನಿಜದಲ್ಲಿ ಮೊದಲು ಹೋಗುವುದು 4ಎಸ್, ಅದರ ಎನ್ ದೊಡ್ಡದು, ಅದು ಹೊರಗಿನದು. ಎರಡು ಅಲ್ಲಿಂದ, ಒಂದು ಡಿಯಿಂದ ಹೋದರೆ ಉಳಿಯುವುದು 3ಡಿ⁵, ಜೋಡಿಯಾಗದವು ಐದು. ಕಾಂತೀಯ ಭ್ರಾಮಕ (ಮ್ಯಾಗ್ನೆಟಿಕ್ ಮೊಮೆಂಟ್) 5.92 ಬೋರ್ ಮ್ಯಾಗ್ನೆಟಾನ್. ನಿಮ್ಮ ದಾರಿಯಲ್ಲಿ ಬಂದಿದ್ದರೆ 3.87 ಬರುತ್ತಿತ್ತು. ಸ್ವಾರಸ್ಯ ಇರುವುದು ಇಲ್ಲಿ: ಇದೇ ತಪ್ಪು ತರ್ಕವನ್ನು ಕಬ್ಬಿಣದ ಎರಡು ಪ್ಲಸ್ ಅಯಾನಿಗೆ ಹಚ್ಚಿದರೆ 3ಡಿ⁴ 4ಎಸ್² ಬರುತ್ತದೆ, ಜೋಡಿಯಾಗದವು ನಾಲ್ಕು. ಸರಿಯಾದ ವಿನ್ಯಾಸ 3ಡಿ⁶, ಅದರಲ್ಲೂ ನಾಲ್ಕೇ. ತಪ್ಪು ದಾರಿ, ಸರಿ ಉತ್ತರ. ಪ್ರಥಮ ಪಿಯುಸಿಯಲ್ಲಿ ನೀವು ಎರಡು ಪ್ಲಸ್ ಲೆಕ್ಕ ಮಾಡಿ, ಉತ್ತರ ಹೊಂದಿತು ಎಂದು ಮುಂದೆ ಹೋಗಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಉತ್ತರ ಸರಿ ಬಂದ ಲೆಕ್ಕದ ಮಧ್ಯದ ಸಾಲನ್ನೂ ಒಮ್ಮೆ ನೋಡುವ ಅಭ್ಯಾಸ ಬೇಕು.

ನಾಲ್ಕನೆಯದು ಬೆಳಕಿನ ತೀವ್ರತೆ. ಇದು ಮಾದರಿಗಳ ಗೊಂದಲವಲ್ಲ. ಬೆಳಕು ಹೆಚ್ಚಿದರೆ ಪೆಟ್ಟು ಜೋರು ಎಂದು ಮನಸ್ಸು ತಾನಾಗಿ ಊಹಿಸುತ್ತದೆ. 1905ರಲ್ಲಿ ಐನ್‌ಸ್ಟೈನ್ ಹೇಳಿದ ಪ್ರಕಾರ ಒಂದು ಎಲೆಕ್ಟ್ರಾನಿಗೆ ತಾಗುವುದು ಒಂದು ಫೋಟಾನ್. ಫೋಟಾನಿನ ಶಕ್ತಿ ಬೆಳಕಿನ ಆವೃತ್ತಿಯ ಮೇಲೆ ನಿಂತಿದೆ. ತೀವ್ರತೆ ಹೆಚ್ಚಿಸಿದರೆ ಫೋಟಾನ್‌ಗಳ ಸಂಖ್ಯೆ ಹೆಚ್ಚುತ್ತದೆ, ಒಂದೊಂದರ ಶಕ್ತಿ ಹೆಚ್ಚುವುದಿಲ್ಲ. ಪೊಟ್ಯಾಸಿಯಂ ಲೋಹದಿಂದ ಎಲೆಕ್ಟ್ರಾನ್ ಬಿಡಿಸಲು 2.25 ಎಲೆಕ್ಟ್ರಾನ್ ವೋಲ್ಟ್ ಬೇಕು. 600 ನ್ಯಾನೋಮೀಟರಿನ ಬೆಳಕಿನ ಫೋಟಾನಿನಲ್ಲಿ ಇರುವುದು 2.07. ಎಷ್ಟು ಪ್ರಖರವಾಗಿ ಹಾಯಿಸಿದರೂ ಒಂದು ಎಲೆಕ್ಟ್ರಾನೂ ಹೊರಬರುವುದಿಲ್ಲ. 400 ನ್ಯಾನೋಮೀಟರಿನದಾದರೆ 3.1, ಮಂದ ಬೆಳಕೇ ಇದ್ದರೂ ಹೊರಬರುತ್ತದೆ, 0.85 ಎಲೆಕ್ಟ್ರಾನ್ ವೋಲ್ಟ್ ಚಲನಶಕ್ತಿಯೊಂದಿಗೆ.

ಈ 2.07, 3.1ನ್ನು ಹೇಗೆ ಲೆಕ್ಕ ಹಾಕಿದೆ ಎಂದು ಕೇಳುತ್ತೀರಿ. ಪ್ಲಾಂಕ್ ಸ್ಥಿರಾಂಕವನ್ನೂ ಬೆಳಕಿನ ವೇಗವನ್ನೂ ಗುಣಿಸಿ ಎಲೆಕ್ಟ್ರಾನ್ ವೋಲ್ಟ್, ನ್ಯಾನೋಮೀಟರ್ ಮಾನಕ್ಕೆ ತಂದರೆ ಸುಮಾರು 1240 ಬರುತ್ತದೆ. ಅದನ್ನು ತರಂಗಾಂತರದಿಂದ ಭಾಗಿಸಿದರೆ ಫೋಟಾನಿನ ಶಕ್ತಿ. ಸಿಇಟಿಗೂ ನೀಟ್‌ಗೂ ಕ್ಯಾಲ್ಕುಲೇಟರ್ ಬಿಡುವುದಿಲ್ಲ. 6.626×10⁻³⁴ ಹಿಡಿದು ಗುಣಿಸುತ್ತ ಕೂತರೆ ಘಾತಾಂಕದಲ್ಲಿ ತಪ್ಪು ಗ್ಯಾರಂಟಿ. ನಿಮ್ಮ ಗೋಡೆಯ ಚಾರ್ಟ್ ತೆಗೆದು ಅಲ್ಲಿ ಮೂರೇ ಸಂಖ್ಯೆ ಬರೆಯಿರಿ: 13.6, 1240, 52.9. ಹೈಡ್ರೋಜನ್ನಿನಲ್ಲಿ ಮೂರನೇ ಮಟ್ಟದಿಂದ ಎರಡಕ್ಕೆ ಇಳಿದಾಗ ಬರುವ ಬೆಳಕು ಯಾವುದು? 13.6ನ್ನು ಕಾಲು ಮೈನಸ್ ಒಂಬತ್ತನೇ ಒಂದರಿಂದ, ಅಂದರೆ 5/36ರಿಂದ ಗುಣಿಸಿ. 1.89 ಎಲೆಕ್ಟ್ರಾನ್ ವೋಲ್ಟ್. 1240 ಭಾಗಿಸು 1.89, ಸುಮಾರು 656 ನ್ಯಾನೋಮೀಟರ್, ಕೆಂಪು. ಎರಡನೇ ಮಟ್ಟಕ್ಕೆ ಇಳಿದಾಗ ಬರುವ ಗೆರೆಗಳ ಗುಂಪಾದ ಬಾಮರ್ ಶ್ರೇಣಿಯಲ್ಲಿ ಮೊದಲ ಗೆರೆ ಇದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಸೂರ್ಯನ ಚಿತ್ರಗಳನ್ನು ಇದೇ ಕೆಂಪು ಗೆರೆಯ ಬೆಳಕಿನಲ್ಲಿ ತೆಗೆಯುವ ಕೆಲಸ ನೂರು ವರ್ಷಕ್ಕೂ ಹಿಂದೆಯೇ ಶುರುವಾಗಿತ್ತು. ನೀವು ನೋಟ್‌ಬುಕ್ಕಿನಲ್ಲಿ ಎರಡು ಸಾಲಿನಲ್ಲಿ ಪಡೆದ ಸಂಖ್ಯೆಯನ್ನು ಹಿಡಿದು ಅಲ್ಲಿ ಸೂರ್ಯನ ಮೈಯನ್ನು ಓದುತ್ತಾರೆ. ಈ ಪಾಠ ಪರೀಕ್ಷೆಗಷ್ಟೇ ಇರುವುದಲ್ಲ ಎಂದು ನನಗೆ ಪ್ರತಿ ವರ್ಷ ಅನ್ನಿಸುವುದು ಇಲ್ಲಿ.

ಅನುಪಾತದ ಲೆಕ್ಕಗಳಿಗೆ ಸಂಖ್ಯೆಯೂ ಬೇಡ. ಝಡ್ ಎಂದರೆ ಪರಮಾಣು ಸಂಖ್ಯೆ. ತ್ರಿಜ್ಯ ಎನ್ ವರ್ಗ ಬೈ ಝಡ್, ವೇಗ ಝಡ್ ಬೈ ಎನ್, ಶಕ್ತಿ ಝಡ್ ವರ್ಗ ಬೈ ಎನ್ ವರ್ಗ. ಹೀಲಿಯಂ ಒಂದು ಪ್ಲಸ್ ಅಯಾನಿನ ಎರಡನೇ ಕಕ್ಷೆ ಎಂದರೆ ತ್ರಿಜ್ಯ ಹೈಡ್ರೋಜನ್ನಿನ ಮೊದಲ ಕಕ್ಷೆಯ ಎರಡರಷ್ಟು, 105.8 ಪಿಕೋಮೀಟರ್. ವೇಗ ಸಮ, ಶಕ್ತಿಯೂ ಸಮ. ಅದೇ ಅಯಾನಿನಲ್ಲಿ ನಾಲ್ಕರಿಂದ ಎರಡಕ್ಕೆ ಇಳಿದಾಗ ಬರುವ ತರಂಗಾಂತರ ಹೈಡ್ರೋಜನ್ನಿನಲ್ಲಿ ಎರಡರಿಂದ ಒಂದಕ್ಕೆ ಇಳಿದಾಗಿನದೇ. ಇದನ್ನು ಪ್ರವೇಶ ಪರೀಕ್ಷೆಗಳಲ್ಲಿ ತಿರುಗಿಸಿ ಮುರುಗಿಸಿ ಕೇಳುತ್ತಲೇ ಇರುತ್ತಾರೆ. ಮಾತಿನ ಬಲೆಗಳೂ ಇವೆ. ‘ಎರಡನೇ ಉದ್ರಿಕ್ತ ಸ್ಥಿತಿ’ ಎಂದರೆ ಎನ್ ಮೂರು, ಎರಡಲ್ಲ. ನಾಲ್ಕನೇ ಮಟ್ಟದಲ್ಲಿರುವ ಬಹಳಷ್ಟು ಪರಮಾಣುಗಳಿಂದ ಒಟ್ಟು ಆರು ಗೆರೆಗಳು ಬರಬಹುದು, ‘ಒಂದೇ ಪರಮಾಣು’ ಎಂದಿದ್ದರೆ ಹೆಚ್ಚೆಂದರೆ ಮೂರು.

ಇನ್ನು ನಿಮಗೆ ಯಾರೋ ಹೇಳಿದ ಮಾತುಗಳು. ಗಣಿತ ಗಟ್ಟಿ ಇಲ್ಲದವರಿಗೆ ಕ್ವಾಂಟಮ್ ಬರುವುದಿಲ್ಲ ಎಂಬುದು ಪಿಯು ಮಟ್ಟಕ್ಕೆ ಸುಳ್ಳು. ಶ್ರೋಡಿಂಗರ್ ಸಮೀಕರಣ ಬಿಡಿಸಲು ನಿಮ್ಮನ್ನು ಯಾರೂ ಕೇಳುವುದಿಲ್ಲ. ಬೇಕಾಗುವುದು ಭಿನ್ನರಾಶಿ, ವರ್ಗ, ವರ್ಗಮೂಲ, ಹತ್ತರ ಘಾತ. ಕ್ವಾಂಟಮ್ ಸಂಖ್ಯೆಗಳ ಭಾಗವಂತೂ ಬರೀ ಎಣಿಕೆ: ಎನ್ ಮೂರಾದರೆ ಎಲ್ ಸೊನ್ನೆ, ಒಂದು, ಎರಡು ಆಗಬಹುದು, ಮೂರು ಆಗುವಂತಿಲ್ಲ. ಆರ್ಬಿಟಲ್‌ಗಳು ಎನ್ ವರ್ಗ, ಅಂದರೆ ಒಂಬತ್ತು. ಎನ್ ಮೂರರಲ್ಲಿ ಸ್ಪಿನ್ ಪ್ಲಸ್ ಅರ್ಧ ಇರುವ ಎಲೆಕ್ಟ್ರಾನ್ ಹೆಚ್ಚೆಂದರೆ ಒಂಬತ್ತು. ನೋಡ್, ಅಂದರೆ ಎಲೆಕ್ಟ್ರಾನ್ ಸಿಗುವ ಸಂಭವ ಸೊನ್ನೆಯಾಗುವ ಜಾಗ, ಅದರ ಲೆಕ್ಕವೂ ಅಷ್ಟೇ ಸರಳ. ಒಟ್ಟು ನೋಡ್ ಎನ್ ಮೈನಸ್ ಒಂದು, ಅದರಲ್ಲಿ ಕೋನೀಯ ನೋಡ್ ಎಲ್‌ನಷ್ಟು, ಉಳಿದವು ರೇಡಿಯಲ್. 4ಡಿಗೆ ಒಟ್ಟು ಮೂರು, ಕೋನೀಯ ಎರಡು, ರೇಡಿಯಲ್ ಒಂದು.

ಕನ್ನಡ ಮಾಧ್ಯಮದಿಂದ ಬಂದದ್ದನ್ನು ನೀವು ತೊಡಕಿನಂತೆ ಬರೆದಿದ್ದೀರಿ. ಇದುವರೆಗೆ ನೋಡಿದ ನಾಲ್ಕು ತಪ್ಪುಗಳಲ್ಲಿ ಒಂದಕ್ಕೂ ಭಾಷೆ ಕಾರಣವಲ್ಲ. ನೀಟ್ ಅರ್ಜಿಯಲ್ಲಿ ಕನ್ನಡ ಆಯ್ದುಕೊಂಡಿದ್ದರೆ ಪ್ರಶ್ನೆಪತ್ರಿಕೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತದೆ, ಅನುವಾದದಲ್ಲಿ ಅನುಮಾನ ಬಂದಾಗ ಇಂಗ್ಲಿಷ್ ರೂಪವೇ ಅಂತಿಮ. ಹಾಗಾಗಿ ಮನಸ್ಸಿನಲ್ಲಿ ಕನ್ನಡದಲ್ಲೇ ಯೋಚಿಸಿ, ಪಾರಿಭಾಷಿಕ ಪದ ಮಾತ್ರ ಎರಡರಲ್ಲೂ ಗೊತ್ತಿರಲಿ.

ಬಿಟ್ಟುಬಿಡು ಎನ್ನುವ ಗೆಳತಿಯ ಮಾತಿಗೆ ಒಂದು ಮಟ್ಟಿಗೆ ಆಧಾರವಿದೆ. ಸಿಇಟಿಯಲ್ಲಿ ರಸಾಯನಶಾಸ್ತ್ರದ 60 ಪ್ರಶ್ನೆಗಳಲ್ಲಿ, ನೀಟ್‌ನ 45ರಲ್ಲಿ ಈ ಪಾಠದ ಹೆಸರಿನಲ್ಲಿ ಬರುವುದು ಕೆಲವೇ. ಆದರೆ ಆವರ್ತ ಕೋಷ್ಟಕದ ಗುಣಗಳು, ರಾಸಾಯನಿಕ ಬಂಧ, ದ್ವಿತೀಯ ಪಿಯುಸಿಯ ಡಿ ಮತ್ತು ಎಫ್ ಬ್ಲಾಕ್, ಕೋಆರ್ಡಿನೇಷನ್ ಸಂಯುಕ್ತಗಳು, ಇವೆಲ್ಲ ಎಲೆಕ್ಟ್ರಾನ್ ವಿನ್ಯಾಸದ ಮೇಲೆ ನಿಂತಿವೆ. ನಿಮ್ಮ ಕಬ್ಬಿಣದ ತಪ್ಪನ್ನೇ ನೋಡಿ. ಅದು ಪರಮಾಣು ರಚನೆಯಲ್ಲಿ ಕಳೆಯುವುದು ಒಂದು ಅಂಕ ಇರಬಹುದು, ಕೋಆರ್ಡಿನೇಷನ್ ಪಾಠದಲ್ಲಿ ಕಾಂತೀಯ ಗುಣ ಕೇಳಿದಾಗಲೆಲ್ಲ ಮತ್ತೆ ಕಳೆಯುತ್ತದೆ. ಪೂರ್ತಿ ಬಿಡುವ ದಾರಿಯ ಅಪಾಯ ಇದು. ನಾನು ಒಪ್ಪುವುದಿಲ್ಲ.

ಕ್ರ್ಯಾಶ್ ಕೋರ್ಸ್ ಬಗ್ಗೆ. ಅಲ್ಲಿ ಸಿಗುವುದು ವೇಗ, ಅಭ್ಯಾಸದ ಪ್ರಶ್ನೆಗಳು ಮತ್ತು ಒಂದು ವೇಳಾಪಟ್ಟಿ. ಮನೆಯಲ್ಲಿ ಕೂತು ಓದಲು ಶಿಸ್ತು ಬಾರದವರಿಗೆ ಅದರಿಂದ ಉಪಯೋಗ ಇದೆ. ನಿಮಗೆ ಶಿಸ್ತಿನ ಕೊರತೆ ಇದ್ದಂತೆ ಕಾಣುವುದಿಲ್ಲ, ಚಾರ್ಟ್ ಬರೆದು ಅಂಟಿಸಿದವರು ನೀವು. ಎರಡು ತಿಂಗಳಲ್ಲಿ ಎರಡು ವರ್ಷದ ಪಾಠ ಓಡಿಸುವ ತರಗತಿಯಲ್ಲಿ ಈ ಪಾಠಕ್ಕೆ ಸಿಗುವ ಸಮಯ ಕಡಿಮೆ, ಕೊಡುವುದು ಮತ್ತೆ ಸೂತ್ರಗಳ ಹಾಳೆಯನ್ನೇ. ಹಣದ ಹೊರೆ ಬೇರೆ. ಈಗಾಗಲೇ ಕಟ್ಟಿದ್ದರೆ ಪ್ರಶ್ನೆ ಬಿಡಿಸುವುದಕ್ಕೆ ಬಳಸಿಕೊಳ್ಳಿ. ಈ ಒಂದು ಪಾಠಕ್ಕೆಂದು ಹೊಸದಾಗಿ ಸೇರುವ ಅಗತ್ಯ ಕಾಣುವುದಿಲ್ಲ.

ಸೂತ್ರ ಮಾತ್ರ ನೆನಪಿಟ್ಟುಕೊಂಡು ಹೋಗುವ ದಾರಿಯನ್ನು ನೀವೇ ಪರೀಕ್ಷಿಸಿ ನೋಡಿದ್ದಾಗಿದೆ. ನೇರವಾಗಿ ಸಂಖ್ಯೆ ಹಾಕುವ ಪ್ರಶ್ನೆ ಬಂದರೆ ನಡೆಯುತ್ತದೆ, ಕೊಂಚ ತಿರುಗಿಸಿದರೆ ಬೀಳುತ್ತದೆ. ನೀಟ್‌ನಲ್ಲಿ ಅದಕ್ಕೆ ಬೆಲೆ ಹೆಚ್ಚು. ಸರಿಗೆ ನಾಲ್ಕು, ತಪ್ಪಿಗೆ ಮೈನಸ್ ಒಂದು. ಸೂತ್ರ ಗೊತ್ತಿದೆ ಎಂಬ ಧೈರ್ಯದಲ್ಲಿ ಬರೆದ ತಪ್ಪು ಉತ್ತರ ಖಾಲಿ ಬಿಟ್ಟದ್ದಕ್ಕಿಂತ ಕೆಟ್ಟದ್ದು. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಅಲ್ಲಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. 80 ನಿಮಿಷಕ್ಕೆ 60 ಪ್ರಶ್ನೆ ಎಂಬುದೂ ನೆನಪಿರಲಿ, ಒಂದು ಲೆಕ್ಕಕ್ಕೆ ಐದು ನಿಮಿಷ ಕೊಡುವಂತಿಲ್ಲ.

ನಾನು ಸೂಚಿಸುವುದು ಪಾಠವನ್ನು ಎರಡಾಗಿ ಸೀಳಿ ಓದುವ ದಾರಿ. ಕ್ವಾಂಟಮ್ ಸಂಖ್ಯೆ, ಆರ್ಬಿಟಲ್ ಆಕಾರ, ನೋಡ್, ಎಲೆಕ್ಟ್ರಾನ್ ವಿನ್ಯಾಸ, ಇಷ್ಟನ್ನು ರಸಾಯನಶಾಸ್ತ್ರದ ಸಮಯದಲ್ಲಿ ಮೊದಲು ಮುಗಿಸಿ. ಬಹುತೇಕ ಉಳಿದ ಪಾಠಗಳಿಗೆ ಬೇಕಾಗುವುದು ಈ ಭಾಗ. ಮೊದಲ ಮೂವತ್ತು ಧಾತುಗಳ ವಿನ್ಯಾಸವನ್ನು ಕೈಯಿಂದ ಬರೆಯಿರಿ. ಕ್ರೋಮಿಯಂ 3ಡಿ⁵ 4ಎಸ್¹, ತಾಮ್ರ 3ಡಿ¹⁰ 4ಎಸ್¹, ಈ ಎರಡು ಅಪವಾದಗಳಿಗೆ ಬಣ್ಣ ಹಚ್ಚಿ. ನಂತರ ಸ್ಕ್ಯಾಂಡಿಯಂನಿಂದ ಸತುವಿನವರೆಗಿನ ಧಾತುಗಳ ಎರಡು ಪ್ಲಸ್, ಮೂರು ಪ್ಲಸ್ ಅಯಾನುಗಳನ್ನು ಬರೆಯಿರಿ, 4ಎಸ್ ಮೊದಲು ತೆಗೆದು.

ಫೋಟೋ ಎಲೆಕ್ಟ್ರಿಕ್ ಪರಿಣಾಮ (ಬೆಳಕು ಲೋಹದಿಂದ ಎಲೆಕ್ಟ್ರಾನ್ ಬಿಡಿಸುವುದು), ಡಿ ಬ್ರಾಯ್ ಹೇಳಿದ ದ್ರವ್ಯ ತರಂಗ, ಬೋರ್ ಮಾದರಿ, ರೋಹಿತದ ಗೆರೆಗಳನ್ನು ಭೌತಶಾಸ್ತ್ರದ ಸಮಯಕ್ಕೆ ಸರಿಸಿ. ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ವಿಕಿರಣ ಮತ್ತು ದ್ರವ್ಯದ ದ್ವಂದ್ವ ಸ್ವಭಾವ, ಪರಮಾಣುಗಳು ಎಂಬ ಎರಡು ಪಾಠಗಳಿವೆ. ವಿಷಯ ಬಹುಪಾಲು ಅದೇ. ಒಂದು ಸಲ ಗಟ್ಟಿ ಮಾಡಿದರೆ ಎರಡು ವಿಷಯಗಳಲ್ಲಿ ಅಂಕ, ಬೋರ್ಡ್ ಪರೀಕ್ಷೆಗೂ ಆಯಿತು. ಇದನ್ನು ಎರಡು ಬೇರೆ ನೋಟ್‌ಬುಕ್ಕಿನಲ್ಲಿ ಎರಡು ಸಲ ಓದುವ ಮಕ್ಕಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಅಷ್ಟು ಸಮಯ ಅವರ ಹತ್ತಿರ ಇರುವುದಿಲ್ಲ. ಈ ದಾರಿಯಲ್ಲೂ ಒಂದು ಅಪಾಯ ಇದೆ. ಭೌತಶಾಸ್ತ್ರದಲ್ಲಿ ಬೋರ್ ಮಾದರಿಯನ್ನೇ ಹೆಚ್ಚು ಬಳಸುವುದರಿಂದ ಮತ್ತೆ ಎರಡು ಮಾದರಿಗಳು ಬೆರೆಯಬಹುದು. ಅದಕ್ಕೆ ಪ್ರತಿ ಲೆಕ್ಕದ ಪಕ್ಕ ಅಂಚಿನಲ್ಲಿ ‘ಬೋರ್’ ಅಥವಾ ‘ಕ್ವಾಂಟಮ್’ ಎಂದು ಬರೆದು, ಆಮೇಲೆ ಬಿಡಿಸಿ. ಮೊದಮೊದಲು ನಿಧಾನವಾಗುತ್ತದೆ. ಹತ್ತು ಹದಿನೈದು ಹಳೆಯ ಪತ್ರಿಕೆಗಳ ಈ ಪಾಠದ ಪ್ರಶ್ನೆಗಳನ್ನಷ್ಟೇ ಹೆಕ್ಕಿ ಹೀಗೆ ಬಿಡಿಸುವ ಹೊತ್ತಿಗೆ ಪ್ರಶ್ನೆ ಓದುತ್ತಿದ್ದಂತೆಯೇ ಗೊತ್ತಾಗುತ್ತದೆ.

ಪಠ್ಯದ ಉದಾಹರಣೆಗಳನ್ನೂ ಪಾಠದ ಕೊನೆಯ ಅಭ್ಯಾಸವನ್ನೂ ಮುಗಿಸದೆ ದಪ್ಪ ಗೈಡ್ ತೆರೆಯಬೇಡಿ. ನೀಟ್‌ಗೆ, ಸಿಇಟಿಗೆ ಇಷ್ಟು ಸಾಕು. ಜೆಇಇ ಬರೆಯುವವರಾಗಿದ್ದರೆ ಅನುಪಾತದ ಕಠಿಣ ಲೆಕ್ಕಗಳನ್ನು, ಗ್ರಾಫ್ ಓದುವ ಪ್ರಶ್ನೆಗಳನ್ನು ಸೇರಿಸಿ ಎನ್ನುತ್ತಿದ್ದೆ, ನಿಮಗೆ ಈಗ ಅದು ಬೇಡ.

ಈ ಕೆಲಸ ದಿನಕ್ಕೆ ಒಂದು ಗಂಟೆಯಂತೆ ಎರಡು ವಾರದಲ್ಲಿ ಮುಗಿಯುವಂಥದ್ದು. ಮುಗಿದ ಮೇಲೆ ಹೊಸ ಮಾಕ್ ಟೆಸ್ಟ್ ತೆಗೆದುಕೊಳ್ಳಿ. ಆಗಲೂ ತಪ್ಪುಗಳು ಉಳಿದರೆ ಅವು ಮಾದರಿ ಬೆರೆತದ್ದೋ, ಘಾತಾಂಕದ ತಪ್ಪೋ, ಪ್ರಶ್ನೆಯ ಮಾತು ಸರಿಯಾಗಿ ಓದದ್ದೋ ಎಂದು ವಿಂಗಡಿಸಿ, ಆ ಪಟ್ಟಿಯೊಂದಿಗೆ ನಿಮ್ಮ ಕಾಲೇಜಿನ ರಸಾಯನಶಾಸ್ತ್ರ ಉಪನ್ಯಾಸಕರ ಹತ್ತಿರ ಹೋಗಿ. ‘ಪಾಠ ಅರ್ಥವಾಗಲಿಲ್ಲ’ ಎಂದು ಹೋದ ವಿದ್ಯಾರ್ಥಿಗೆ ಹತ್ತು ನಿಮಿಷದಲ್ಲಿ ಏನೂ ಹೇಳಿಕೊಡಲಾಗದು. ‘ಇಲ್ಲಿ ಎನ್ ಹಾಕಬೇಕೋ ಎಲ್ ಹಾಕಬೇಕೋ ತಿಳಿಯಲಿಲ್ಲ’ ಎಂದು ಲೆಕ್ಕದ ಹಾಳೆ ಹಿಡಿದು ಹೋದರೆ ಆ ಹತ್ತು ನಿಮಿಷವೇ ಸಾಕಾಗುತ್ತದೆ.